ಬಂಜೆ ಮತ್ತು ಬೇನೆ

ಬೀದರ ಜಿಲ್ಲೆಯ ಔರಾದ ತಾಲ್ಲೂಕಿಗೆ ಸೇರಿದ ಎಕಂಬಾದ ಸೀಮೆಯಲ್ಲಿ ಕನ್ನಡ, ಮರಾಠಿ, ಉರ್ದು ಈ ಮೂರು ಭಾಷೆಗಳೂ ಬಳಕೆಯಲ್ಲಿರುವುವು. ಮಕ್ಕಳಿಲ್ಲದವಳನ್ನು ಕನ್ನಡದಲ್ಲಿ 'ಬಂಜೆ' ಎಂದೂ ಮರಾಠಿಯಲ್ಲಿ 'ವಾಂಝ' ಎಂದೂ ಉರ್ದುವಿನಲ್ಲಿ 'ಬಾಂಝ್' ಎಂದೂ ಕರೆಯುವರು. ಮೂರಕ್ಕೂ ಮೂಲವು 'ವಂಧ್ಯಾ' ಎಂಬ ಒಂದೇ ಶಬ್ದ. 'ಸಂಧ್ಯೆ'ಯು 'ಸಂಜೆ'ಯಾದಂತೆ 'ವಂಧ್ಯೆ'ಯು 'ಬಂಜೆ'ಯಾಯಿತು. ಈ ಪದದ ಚರಿತ್ರೆಯನ್ನು ವೈದ್ಯದ ಚರಿತ್ರೆಯೊಡನೆ ಸೇರಿಸಿ ವಿಚಾರಿಸುವುದು ಈ ಲೇಖನದ ಉದ್ದೇಶ.

ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ 20 ಬಗೆಯ ಯೋನಿವ್ಯಾಪತ್ತುಗಳು ಹೇಳಲ್ಪಟ್ಟಿವೆ. ವಾತಜನ್ಯವಾದ ಐದರಲ್ಲಿ, ರಜಸ್ಸು ಕಷ್ಟದಿಂದ ಹೊರಬೀಳುವ 'ಉದಾವರ್ತಾ', ಆರ್ತವವು ನಷ್ಟವಾದ 'ವಂಧ್ಯಾ', ನಿತ್ಯವೇದನೆಯ 'ವಿಪ್ಲುತಾ', ಸಂಗಮಕಾಲದಲ್ಲಿ ನೋವುಂಟಾಗುವ 'ಪರಿಪ್ಲುತಾ' ಎಂಬಿವು ಒಂದರ ಮಗ್ಗುಲಲ್ಲಿ ಒಂದು ನಿಂತಿವೆ. ಇದರಿಂದ ಪ್ರಾಚೀನರು ಎಂಡೊಮೆಟ್ರಿಯೋಸಿಸ್ ರೋಗವನ್ನು ಬಲ್ಲವರಾಗಿದ್ದರೆಂದು ಸಾಧಿಸಹೊರಡುವುದು ಯುಕ್ತವಲ್ಲ. ಅವರು ಇವನ್ನು ಬೇರೆ ಬೇರೆ ವ್ಯಾಧಿಗಳೆಂದೇ ಎಣಿಸಿದರು. ಆದರೆ 'ವಂಧ್ಯಾ' ಎಂಬುದು ಅಲ್ಲಿ ಚಿಕಿತ್ಸೆಗೆ ವಿಷಯವಾದ ಒಂದು ವ್ಯಾಧಿಯ ಹೆಸರು. ಅದೇ ಮಾತು ತದ್ಭವವಾಗಿ ಊರೊಳಗೆ ಹೆಂಗಸಿನ ಹೆಸರಾಗಿದೆ. ರೋಗವು ಮರೆಯಾಗಿ ನಿಂದೆಯು ಉಳಿಯಿತು.

12ನೆಯ ಶತಮಾನದಲ್ಲಿ ಇದೇ ಜಿಲ್ಲೆಯ ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯ ಪ್ರಸಿದ್ಧ ವಚನವೊಂದರಲ್ಲಿ, ಬೇನೆಯನ್ನರಿಯದವಳಾಗಿ ಬಂಜೆಯು ದೃಷ್ಟಾಂತಕ್ಕೆ ಬರುತ್ತಾಳೆ. ಅಲ್ಲಿನ ಬೇನೆ ಪ್ರಸವದ್ದು. ಆದರೆ ಮಗುವನ್ನು ಹೆರದೆಯೂ ತಿಂಗಳು ತಿಂಗಳಿಗೆ ಬೇನೆಯನ್ನುಣ್ಣುವ ಸ್ತ್ರೀಯರು ಅಸಂಖ್ಯಾತರು. ಗರ್ಭಾಶಯದ ಒಳಪದರವನ್ನು ಹೋಲುವ ಅಂಗಾಂಶವು ಅದರ ಹೊರಗೆ ಬೆಳೆಯುವುದೇ ಎಂಡೊಮೆಟ್ರಿಯೋಸಿಸ್. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ಸಂತಾನಯೋಗ್ಯ ವಯಸ್ಸಿನವರಲ್ಲಿ ನೂರಕ್ಕೆ ಸುಮಾರು 10 ಮಂದಿ, ಅಂದರೆ ಲೋಕದಲ್ಲಿ ಸುಮಾರು 19 ಕೋಟಿ ಜನ, ಇದರಿಂದ ಪೀಡಿತರು. ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿ ಉಂಟಾಗುವ 'ಚಾಕೊಲೇಟ್ ಗಂಟು'ಗಳನ್ನು ಅಮೆರಿಕದ ಜಾನ್ ಸ್ಯಾಂಪ್ಸನ್ 1921ರಲ್ಲಿ ವಿವರಿಸಿದನು. ಆ ದಶಕದಲ್ಲಿಯೇ ರೋಗಕ್ಕೆ ಈಗಿನ ಹೆಸರನ್ನೂ ಇಟ್ಟನು.

ಹೆಸರು ದೊರೆತ ಮೇಲೆ ಹೊಸದೊಂದು ಸಂದಿಗ್ಧವು ತಲೆದೋರಿತು. ಗಂಟನ್ನು ತೆಗೆದರೆ ನೋವು ಶಮನವಾಗಬಹುದು, ಕೆಲವರಿಗೆ ಗರ್ಭಧಾರಣೆಯೂ ಸುಲಭವಾಗಬಹುದು. ಆದರೆ ಗಂಟಿನೊಡನೆ ಅಂಡಾಶಯದ ಆರೋಗ್ಯಕರ ಭಾಗವೂ ಹೋಗಿ, ಅಂಡಗಳ ಸಂಚಯವು ಕುಗ್ಗುವುದುಂಟು. ಎರಡೂ ಕಡೆ ಶಸ್ತ್ರಕ್ರಿಯೆಯಾದರೆ, ಅಥವಾ ಅದು ಮರುಕಳಿಸಿದರೆ, ಈ ಭಯ ಹೆಚ್ಚು. ಆದುದರಿಂದ ಸಂಚಯವನ್ನು ರಕ್ತಪರೀಕ್ಷೆಯಿಂದಲೂ ಸ್ಕ್ಯಾನಿಂಗಿನಿಂದಲೂ ಮುಂಚೆಯೇ ಅಳೆಯುವುದೂ, ತಕ್ಕವರಿಗೆ ಅಂಡಗಳನ್ನು ಶೈತ್ಯದಲ್ಲಿ ಕಾಪಿಡುವುದೂ ಈಗ ಸಾಧ್ಯ. ಹಾಗೆ ಕಾಪಿಟ್ಟ ಅಂಡದಿಂದ ಮೊದಲ ಶಿಶುಜನನವನ್ನು 1986ರಲ್ಲಿ ಆಸ್ಟ್ರೇಲಿಯಾದ ವೈದ್ಯರು ವರದಿಮಾಡಿದರು. ಭಾರತದ 2021ರ ಸಹಾಯಕ ಸಂತಾನೋತ್ಪತ್ತಿ ಕಾಯಿದೆಯು 21 ವರ್ಷ ಮೀರಿದ ಸ್ತ್ರೀಗೆ, ವಿವಾಹವಾಗದಿದ್ದರೂ, ಚಿಕಿತ್ಸಾಲಯದ ಬಾಗಿಲನ್ನು ತೆರೆದಿದೆ. ಆದರೂ ಕಾಪಿಟ್ಟ ಅಂಡವು ಮಗುವಿನ ಭರವಸೆಯಲ್ಲ. ವೆಚ್ಚವೂ ಬಡವರ ಅಳವಿಗೆ ಮೀರಿದುದು.

ಇಲ್ಲಿ ಚರಿತ್ರೆಯು ಕಲಿಸತಕ್ಕುದು ಇಷ್ಟೆ. ಎಕಂಬಾದಂಥ ಊರಿನ ಯುವತಿಯು ಶಸ್ತ್ರಕ್ರಿಯೆಗೆ ಮುನ್ನ "ಮುಂದೆ ನನಗೆ ಮಕ್ಕಳಾದಾವೆ?" ಎಂದು ಕೇಳಿದರೆ, ಆ ಪ್ರಶ್ನೆಗೆ ಉತ್ತರವು ಕತ್ತಿಗಿಂತ ಮೊದಲು ದೊರೆಯಬೇಕು. ಈ ರೋಗವುಳ್ಳವರಲ್ಲಿ ಅನೇಕರು ತಾಯಂದಿರಾಗಿರುವರು. ಆಗದವರೂ ರೋಗಿಗಳೇ ಹೊರತು ಅಪರಾಧಿಗಳಲ್ಲ. ಮೂರು ಭಾಷೆಗಳು ಕೂಡಿ ಹೊತ್ತುಕೊಂಡು ಬಂದ ಆ ಪದವನ್ನು ಹೆಂಗಸಿನ ಮೇಲಿಂದ ಇಳಿಸಿ, ವೈದ್ಯಗ್ರಂಥಕ್ಕೆ ಒಪ್ಪಿಸುವ ಹೊಣೆಯು ಭಾಷೆಯನ್ನು ಕಲಿಸುವವರಾದ ನಮ್ಮದು.