ಕೈಲಾಸಂ: ನಗೆಯ ಮರೆಯಲ್ಲಿ

ಬೆಂಗಳೂರಿನ ಇಂದಿರಾನಗರದಲ್ಲಿ, ನೂರಡಿ ರಸ್ತೆಯ ಮೇಲೆ ಒಂದು ಸಂಜೆ ಕಿವಿಗೊಟ್ಟು ನಡೆದರೆ, ಇಂಗ್ಲಿಷಿನ ನಾಮಪದಕ್ಕೆ ಕನ್ನಡದ ಕ್ರಿಯಾಪದವನ್ನು ಗಂಟುಹಾಕಿದ ಮಾತು ಹೆಜ್ಜೆಹೆಜ್ಜೆಗೂ ಕೇಳಬರುವುದು. ಇದು ಈ ಕಾಲಕ್ಕೆ ಹೊಸದಾಗಿ ಬಂದ ಕೇಡೆಂದು ಹಲುಬುವವರುಂಟು. ಆದರೆ ಆ ಬಡಾವಣೆ ಹುಟ್ಟುವುದಕ್ಕೆ ಎಷ್ಟೋ ಮೊದಲು, ದಂಡು ಬ್ರಿಟಿಷರ ಕೈಯಲ್ಲಿಯೂ ಪೇಟೆ ಮೈಸೂರು ಸಂಸ್ಥಾನದಲ್ಲಿಯೂ ಇದ್ದ ದಿನಗಳಲ್ಲಿಯೇ, ಈ ಮಾತನ್ನು ರಂಗಕ್ಕೆ ತಂದು ಜನರನ್ನು ಹೊಟ್ಟೆತುಂಬ ನಗಿಸಿದವರೊಬ್ಬರಿದ್ದರು. ಅವರೇ ಟಿ. ಪಿ. ಕೈಲಾಸಂ.

1884ರಲ್ಲಿ ಹುಟ್ಟಿದ ಕೈಲಾಸಂ ನ್ಯಾಯಾಧೀಶರಾದ ಪರಮಶಿವ ಅಯ್ಯರ್ ಅವರ ಮಗ. ಮದರಾಸಿನಲ್ಲಿ ಓದಿ, ಲಂಡನ್ನಿಗೆ ಹೋಗಿ ಭೂಗರ್ಭಶಾಸ್ತ್ರವನ್ನು ಕಲಿತು, 1915ರಲ್ಲಿ ಹಿಂದಿರುಗಿ ಸಂಸ್ಥಾನದ ಭೂಗರ್ಭ ಇಲಾಖೆಯನ್ನು ಸೇರಿದರು. ಕೆಲವು ವರ್ಷಗಳಲ್ಲಿಯೇ ಆ ಹುದ್ದೆಯನ್ನು ಬಿಟ್ಟರು. ಕಲ್ಲುಗಳ ಪರೀಕ್ಷೆಗಿಂತ ಮನುಷ್ಯರ ಪರೀಕ್ಷೆ ಅವರಿಗೆ ಹೆಚ್ಚು ರುಚಿಸಿತೆಂದು ತೋರುತ್ತದೆ. ಅನಂತರ ಅವರು ನಟರು, ನಾಟಕಕಾರರು, ಮಾತುಗಾರರು, ಮೂಕಿಚಿತ್ರವೊಂದರಲ್ಲಿಯೂ ಕಾಣಿಸಿಕೊಂಡರು. ನಾಟಕಗಳನ್ನು ಕುಳಿತು ಬರೆಯುವ ತಾಳ್ಮೆ ಅವರದಲ್ಲ. ಬಾಯಲ್ಲಿ ಹೇಳುವರು, ಗೆಳೆಯರು ಬರೆದುಕೊಳ್ಳುವರು. ಆ ಗೆಳೆಯರ ಋಣವನ್ನು ಕನ್ನಡಿಗರು ಮರೆಯಲಾಗದು.

ಲಂಡನ್ನಿನ ವಾಸದಿಂದ ಅವರು ತಂದುದು ಪದವಿಯನ್ನು ಮಾತ್ರವಲ್ಲ. ಐರ್ಲೆಂಡಿನ ಟಿಪ್ಪರೇರಿಯ ಹೆಸರಿನಲ್ಲಿ 1912ರಲ್ಲಿ ಹುಟ್ಟಿದ ಹಾಡೊಂದನ್ನು ಮೊದಲನೆಯ ಮಹಾಯುದ್ಧದ ಸಿಪಾಯಿಗಳು ಹಾಡುತ್ತ ನಡೆದರು. ಕೈಲಾಸಂ ಅವರ ಬಾಯಲ್ಲಿ ಆ ಟಿಪ್ಪರೇರಿ ನಮ್ಮ ತಿಪ್ಪಾರಳ್ಳಿಯಾಯಿತು! ಮಟ್ಟು ಅವರದು, ಮಣ್ಣು ನಮ್ಮದು. ಐರ್ಲೆಂಡಿನವರೇ ಆದ ಬರ್ನಾರ್ಡ್ ಷಾ ಅವರ ನಾಟಕಗಳು ಲಂಡನ್ನಿನ ರಂಗದ ಮೇಲೆ ಮೆರೆಯುತ್ತಿದ್ದ ಕಾಲವದು. ಮನೆಯೊಳಗಿನ ಸಮಸ್ಯೆಯನ್ನು ನಗೆಯಿಂದ ಬಯಲಿಗೆಳೆಯುವ ಆ ಬಗೆ ಕೈಲಾಸಂ ಅವರಿಗೂ ಒಗ್ಗಿತು.

1918ರ ಸುಮಾರಿನ ‘ಟೊಳ್ಳು ಗಟ್ಟಿ’ಯನ್ನೇ ನೋಡಿ. ಅದಕ್ಕೆ ಹಿಂದೆ ನಮ್ಮ ರಂಗದ ಮೇಲೆ ಇದ್ದವರು ಕಿರೀಟಧಾರಿಗಳು, ಇದ್ದುದು ಕಂದಪದ್ಯ. ಇಲ್ಲಿ ತೆರೆ ಎದ್ದೊಡನೆ ಕಾಣುವುದು ಮಧ್ಯಮವರ್ಗದ ಒಂದು ಮನೆ. ಪುಟ್ಟು ಪರೀಕ್ಷೆಗಳಲ್ಲಿ ಮುಂದು, ಮಾಧು ಹಿಂದು. ತಂದೆಯ ಮೆಚ್ಚಿಕೆಯೆಲ್ಲ ಪುಟ್ಟುವಿಗೆ. ಬೆಂಕಿ ಬಿದ್ದ ಗಳಿಗೆಯಲ್ಲಿ ನೆರವಿಗೆ ಬರುವವನು ಮಾತ್ರ ಮಾಧು. ಸಭಿಕರಲ್ಲಿ ಅನೇಕರು ತಮ್ಮ ಮನೆಯ ಪುಟ್ಟುವನ್ನು ಹೊಗಳುತ್ತ ಬಂದವರೇ, ಆದರೂ ನಕ್ಕರು. ‘ಬಹಿಷ್ಕಾರ’ದಲ್ಲಿ ಜಾತಿಯ ಕಟ್ಟಿನ ಕ್ರೌರ್ಯವನ್ನು ತೋರಿಸಿದಾಗಲೂ, ಪಾತ್ರಗಳ ಬೆರಕೆಮಾತಿಗೆ ನಕ್ಕು ಮನೆಗೆ ನಡೆದವರು ಕಡಮೆಯಿರಲಾರರು. ನಗಿಸುವವನ ಪಾಡೇ ಇದು. ಅವನು ಅಳುವುದನ್ನೂ ಜನ ವಿನೋದವೆಂದೇ ಎಣಿಸುತ್ತಾರೆ.

ಇನ್ನೊಂದು ವಿಚಿತ್ರವುಂಟು. ಮನೆಯ ಮಾತನ್ನು ಇಷ್ಟು ಚೆನ್ನಾಗಿ ಬಲ್ಲ ಇವರು, ತಾವು ಕೈಮುಗಿಯುತ್ತಿದ್ದ ಏಕಲವ್ಯ, ಕರ್ಣ, ಭರತರನ್ನು ಕುರಿತು ಬರೆಸಿದುದು ಇಂಗ್ಲಿಷಿನಲ್ಲಿ! ಅಂದಿನ ಕನ್ನಡ ರಂಗದ ಪೌರಾಣಿಕ ಆರ್ಭಟದಲ್ಲಿ ಆ ವೀರರ ಗಂಭೀರ ಧ್ವನಿ ಮುಳುಗಿಹೋಗುವುದೆಂಬ ಅಳುಕು ಇದಕ್ಕೆ ಕಾರಣವೆಂದು ನಾವು ಊಹಿಸುತ್ತೇವೆ. ಪಾತ್ರಗಳಿಗೆ ಇದರಿಂದ ಘನತೆ ಬಂದಿರಬಹುದು. ನಷ್ಟವಾದುದು ಕನ್ನಡಕ್ಕೆ. ಸಿಂಜ್ ಮೊದಲಾದ ಐರಿಷ್ ಲೇಖಕರು ತಮ್ಮ ಹಳ್ಳಿಗರ ನಗೆಯನ್ನೂ ದುಃಖವನ್ನೂ ಒಂದೇ ನುಡಿಯಲ್ಲಿ ಹಿಡಿದಿಟ್ಟರು. ಕೈಲಾಸಂ ಅವರಲ್ಲಿ ನಗೆ ಒಂದು ಭಾಷೆಗೆ, ದುರಂತ ಇನ್ನೊಂದಕ್ಕೆ ಪಾಲಾಯಿತು. ಹೀಗಾಗಿ ‘ಹೋಂ ರೂಲು’ ನೋಡಿ ನಕ್ಕ ಸಾವಿರಾರು ಜನರಲ್ಲಿ ಅವರ ಏಕಲವ್ಯನನ್ನು ಕಂಡವರು ಬಹು ವಿರಳ.

1945ರಲ್ಲಿ ಮದರಾಸಿನಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾದರು. ಮರುವರ್ಷ, 1946ರಲ್ಲಿ, ತೀರಿಕೊಂಡರು. ಕೀಚಕನನ್ನು ಕುರಿತ ಅವರ ಇಂಗ್ಲಿಷ್ ದುರಂತನಾಟಕ ಅಚ್ಚಾದುದು ಆ ಮೇಲೆ.