ಐದು ಮೀಟರಿನ ಕಟ್ಟಳೆ: ಬಾಗಲಕೋಟೆ ಸೀಮೆಯಲ್ಲಿ ಹೊರಾಂಗಣ ವೈಫೈ

ವೈಫೈ ಚರಿತ್ರೆಯನ್ನು ಮಾನಕಗಳ ಪೀಳಿಗೆ ಹಿಡಿದು ಬರೆಯುವುದು ರೂಢಿ: 1997ರ ಮೊದಲ 802.11, 1999ರ ‘ಬಿ’, 2009ರ ‘ಎನ್’. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಮಟ್ಟಿಗೆ ಈ ಕಾಲಗಣನೆ ಅಷ್ಟು ಉಪಯೋಗಕ್ಕೆ ಬಾರದು. ಇಲ್ಲಿ ಕಂಬದ ಮೇಲಿನ ಆಕ್ಸೆಸ್ ಪಾಯಿಂಟಿನ ಹಣೆಬರಹ ಬರೆದದ್ದು ದಿಲ್ಲಿಯ ಅಧಿಸೂಚನೆ, ನೆಲದ ಏರಿಳಿತ ಮತ್ತು ಕಂಬದ ಬುಡಕ್ಕೆ ಬಂದು ಮುಟ್ಟುವ ತಂತಿ.

1933ರ ಭಾರತೀಯ ವೈರ್‌ಲೆಸ್ ಟೆಲಿಗ್ರಾಫಿ ಕಾಯ್ದೆಯಂತೆ ನಿಸ್ತಂತು ಉಪಕರಣ ಇಟ್ಟುಕೊಳ್ಳುವುದಕ್ಕೂ ಪರವಾನಗಿ ಬೇಕಿತ್ತು. 2005ರ ಜನವರಿಯಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿ ಹೊರಾಂಗಣಕ್ಕೂ ಪರವಾನಗಿಮುಕ್ತವಾಯಿತು. ಆದರೆ ಷರತ್ತುಗಳಿದ್ದವು. ಪ್ರಸಾರಶಕ್ತಿ 1 ವ್ಯಾಟ್, ಆಂಟೆನಾ ಸೇರಿ 4 ವ್ಯಾಟ್. ಆಂಟೆನಾ ಇರಬೇಕಾದದ್ದು ಕಟ್ಟಡದ ಮಾಳಿಗೆಯಿಂದ 5 ಮೀಟರಿನೊಳಗೆ.

ಈ ಕೊನೆಯ ಷರತ್ತಿನ ಬಿಸಿ ಎಷ್ಟೆಂಬುದನ್ನು ಹುನಗುಂದ–ಇಳಕಲ್ ನಡುವೆ ಲೆಕ್ಕ ಹಾಕಿ ನೋಡಬಹುದು. ನೇರ ಅಂತರ ಸುಮಾರು 12 ಕಿಲೋಮೀಟರ್. ರೇಡಿಯೊ ಅಲೆ ಗೆರೆ ಎಳೆದಂತೆ ಸಾಗುವುದಿಲ್ಲ, ನಡುದಾರಿಯಲ್ಲಿ ಉಬ್ಬುತ್ತದೆ. ಫ್ರೆನೆಲ್ ವಲಯವೆಂಬ ಆ ಉಬ್ಬಿನ ತ್ರಿಜ್ಯ 2.4 ಗಿಗಾಹರ್ಟ್ಸ್‌ನಲ್ಲಿ 19 ಮೀಟರಿಗೆ ಮೇಲೆ. ಅದರಲ್ಲಿ ಶೇ. 60ರಷ್ಟಾದರೂ, ಅಂದರೆ 12 ಮೀಟರಿನ ಹತ್ತಿರ, ಅಡ್ಡಿಯಿಲ್ಲದೆ ಇರಬೇಕು. ಭೂಮಿಯ ಬಾಗಿಗೆ ಇನ್ನೆರಡು ಮೀಟರ್. ನೆಲ ಸಮತಟ್ಟು, ನಡುವೆ ಒಂದು ಬೇವಿನ ಮರವೂ ಇಲ್ಲ ಎಂದು ಹಿಡಿದರೂ ಎರಡೂ ತುದಿಗೆ 14 ಮೀಟರ್ ಎತ್ತರ ಬೇಕು. ಏಳು ಮೀಟರಿನ ಎರಡಂತಸ್ತಿನ ಮಾಳಿಗೆಯ ಮೇಲೆ ಐದು ಮೀಟರಿನ ಕೊಳವೆ ನಿಲ್ಲಿಸಿದರೆ 12 ಆಗುತ್ತದೆ. ಎರಡು ಮೀಟರ್ ಕಡಿಮೆ ಬಿತ್ತು.

ಅದೇ ಲೆಕ್ಕ 5.8 ಗಿಗಾಹರ್ಟ್ಸ್‌ನಲ್ಲಿ ಒಂಬತ್ತೂವರೆ ಮೀಟರಿಗೆ ಮುಗಿಯುತ್ತದೆ. 2007ರಲ್ಲಿ ಈ ಪಟ್ಟಿಯ 50 ಮೆಗಾಹರ್ಟ್ಸ್ ಮಾತ್ರ ಹೊರಾಂಗಣಕ್ಕೆ ತೆರೆದಿತ್ತು. 2018ರ ಅಕ್ಟೋಬರಿನಲ್ಲಿ 5150–5350 ಮತ್ತು 5470–5875, ಒಟ್ಟು 605 ಮೆಗಾಹರ್ಟ್ಸ್ ಮುಕ್ತವಾಯಿತು. ಈ ಸೀಮೆಯ ನಿಜವಾದ ಮೇಲ್ದರ್ಜೆ ನನ್ನ ದೃಷ್ಟಿಯಲ್ಲಿ ಇದೇ. ಹಾಗೆಂದು ಅಧಿಸೂಚನೆ ಬಂದ ಕೂಡಲೇ ಕಂಬದ ಮೇಲಿನ ಪೆಟ್ಟಿಗೆಗೆ ಅದು ತಿಳಿಯುವುದಿಲ್ಲ. ಯಾವ ದೇಶದಲ್ಲಿ ಯಾವ ಚಾನೆಲ್ ಎಂಬ ಪಟ್ಟಿ ಫರ್ಮ್‌ವೇರಿನೊಳಗಿರುತ್ತದೆ. ಹಳೆಯ ಫರ್ಮ್‌ವೇರಿಗೆ ಹೊಸ ಚಾನೆಲ್ ಕಾಣದು. 2017ರಲ್ಲಿ ‘ಕ್ರ್ಯಾಕ್’ ಎಂಬ ಭದ್ರತಾ ದೋಷ ಬಯಲಾದಾಗಲೂ ಮದ್ದು ಅಲ್ಲೇ ಇತ್ತು.

ಬಾದಾಮಿಯ ಸಮಸ್ಯೆ ಬೇರೆ. ಮರಳುಗಲ್ಲಿನ ಬಂಡೆ ಅಗಸ್ತ್ಯತೀರ್ಥ ಕೆರೆಯನ್ನು ಮೂರು ಕಡೆ ಸುತ್ತಿಕೊಂಡಿದೆ. ಅಲೆ ಅದನ್ನು ತೂರಿ ಹೋಗುವುದಿಲ್ಲ. ಬಂಡೆಯ ನೆತ್ತಿ ಆಂಟೆನಾಕ್ಕೆ ಹೇಳಿ ಮಾಡಿಸಿದ ಜಾಗವೇನೋ ಹೌದು, ಆದರೆ ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. ಬಾಗಲಕೋಟೆಯಲ್ಲಿ ತೊಡಕು ತರುವುದು ನೀರು. ವಾಸ್ತುಶಿಲ್ಪಿ ಚಾರ್ಲ್ಸ್ ಕೊರೆಯಾ ಯೋಜಿಸಿದ ನವನಗರದ ಅಗಲ ಬೀದಿಗಳಲ್ಲಿ ಕಂಬ ನೆಡುವುದು ಸುಲಭ. ಆಲಮಟ್ಟಿ ಹಿನ್ನೀರನ್ನು ದಾಟುವ ಕೊಂಡಿಯಲ್ಲಿ ಮಾತ್ರ ನೀರಿನಿಂದ ಪ್ರತಿಫಲಿಸಿದ ಅಲೆ ನೇರ ಅಲೆಗೆ ಅಡ್ಡ ಬರುತ್ತದೆ, ಮತ್ತು ನೀರಿನ ಮಟ್ಟ ಮಳೆಗಾಲಕ್ಕೂ ಬೇಸಿಗೆಗೂ ಬದಲಾಗುತ್ತದೆ. ಜನವರಿಯಲ್ಲಿ ತೃಪ್ತಿಕರವಾಗಿ ಹೊಂದಿಸಿದ ಆಂಟೆನಾ ಮೇ ತಿಂಗಳಲ್ಲಿ ಹಾಗೇ ದುಡಿಯುತ್ತದೆಂಬ ಭರವಸೆ ಇಲ್ಲ.

ತಂತಿಯ ಕಥೆಯಲ್ಲಿ ನಾಲ್ಕು ಊರು ಎರಡು ಪಾಲಾಗುತ್ತವೆ. ಗದಗ–ಹೋಟಗಿ ರೈಲುಮಾರ್ಗ ಬಾದಾಮಿ, ಬಾಗಲಕೋಟೆಯನ್ನು ಹಾದುಹೋಗುತ್ತದೆ. ಹಳಿಯ ಪಕ್ಕದ ಫೈಬರನ್ನು ನೆಚ್ಚಿ ರೈಲ್ವೆಯ ದೂರಸಂಪರ್ಕ ಸಂಸ್ಥೆ ರೈಲ್‌ಟೆಲ್ 2016ರ ಜನವರಿಯಲ್ಲಿ ಮುಂಬೈ ಸೆಂಟ್ರಲ್‌ನಿಂದ ಆರಂಭಿಸಿದ ನಿಲ್ದಾಣ ವೈಫೈ 2021ರ ಮೇ ಹೊತ್ತಿಗೆ 6,000 ನಿಲ್ದಾಣ ಮುಟ್ಟಿತು. ಹುನಗುಂದ, ಇಳಕಲ್ಲಿಗೆ ರೈಲೇ ಇಲ್ಲ. 2011ರಲ್ಲಿ ಮಂಜೂರಾಗಿ ಮುಂದೆ ಭಾರತ್‌ನೆಟ್ ಆದ ಯೋಜನೆಯ ಗುರಿ ಗ್ರಾಮ ಪಂಚಾಯಿತಿ, ಇವೆರಡೂ ಪಟ್ಟಣಗಳು. ಇಂಥ ಊರುಗಳಿಗೆ 2020ರ ಡಿಸೆಂಬರಿನ ಪಿಎಂ-ವಾಣಿ ಹೆಚ್ಚು ಹೊಂದುತ್ತದೆ: ಕಿರಾಣಿ ಅಂಗಡಿಯವರೂ ಪರವಾನಗಿ, ಶುಲ್ಕವಿಲ್ಲದೆ ವೈಫೈ ಮಾರಬಹುದು.

ಕಡೆಗೆ ವಿದ್ಯುತ್ತು. ದತ್ತಾಂಶದ ಕೇಬಲ್ಲಿನಲ್ಲೇ ಕರೆಂಟು ಕಳಿಸುವ 2003ರ ಮಾನಕ ಕೊಡುತ್ತಿದ್ದದ್ದು 15.4 ವ್ಯಾಟ್, 2009ರದ್ದು 30. ಹೊಸ ಆಕ್ಸೆಸ್ ಪಾಯಿಂಟನ್ನು ಹಳೆಯ ಸ್ವಿಚ್ಚಿಗೆ ಸಿಕ್ಕಿಸಿದರೆ ಕೆಲವು ಮಾದರಿಗಳು ಒಂದೆರಡು ಆಂಟೆನಾ ಬಂದ್ ಮಾಡಿಕೊಂಡು ನಡೆಯುತ್ತವೆ. ಬಿಲ್ಲಿನಲ್ಲಿ ಮಾತ್ರ ಅದು ಮೇಲ್ದರ್ಜೆ ಎಂದೇ ದಾಖಲಾಗುತ್ತದೆ.