ತಿಜೋರಿ ಎಷ್ಟು ಹೊತ್ತು ತಡೆದೀತು?

ಚಿಕ್ಕಮಗಳೂರಿನಿಂದ ಮಲ್ಲಂದೂರಿನ ಕಡೆಗೆ ಹೊರಟರೆ ದಾರಿಯುದ್ದಕ್ಕೂ ಕಾಫಿ ತೋಟಗಳು. ಅಲ್ಲಿಯ ಹಳೆಯ ತೋಟದ ಕಚೇರಿಯೊಂದರೊಳಗೆ ಕಾಲಿಟ್ಟಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಮೂಲೆಯಲ್ಲಿ ನಿಂತಿದ್ದ ತಿಜೋರಿ. ಕೂಲಿಯನ್ನು ಬ್ಯಾಂಕಿನ ಖಾತೆಗೆ ಹಾಕುವ ರೂಢಿ ಬರುವ ಮೊದಲು ವಾರದ ಬಟವಾಡೆಯ ಹಣ ಪೇಟೆಯಿಂದ ಜೀಪಿನಲ್ಲಿ ಬಂದು ಇದರೊಳಗೆ ಸೇರುತ್ತಿತ್ತು. ಲೈನು ಮನೆಗಳ ವಾರದ ಅಕ್ಕಿ, ಬೇಳೆ, ಸಂತೆಯ ಖರ್ಚು ಎಲ್ಲವೂ ಈ ಕಬ್ಬಿಣದ ಬಾಗಿಲನ್ನೇ ನಂಬಿದ್ದವು.

ಚಿತ್ರೀಕರಣಕ್ಕೆಂದು ಹೋಗಿದ್ದ ನಾನು ಅಲ್ಲಿಯ ರೈಟರನ್ನು ಕೇಳಿದೆ: "ನಂಬರ್ ಗೊತ್ತಿಲ್ಲದವನು ಇದನ್ನು ತೆಗೆಯಬಲ್ಲನೆ?"

"ಸಾಧ್ಯವೇ ಇಲ್ಲ ಸಾರ್" ಎಂದರು.

ಇದೇ ಮಾತನ್ನು ಲಂಡನ್ನಿನ ಬೀಗ ತಯಾರಕರೂ ಬಹುಕಾಲ ಹೇಳುತ್ತಿದ್ದರು. ಬ್ರಾಮಾ ಕಂಪನಿಯವರು ಒಂದು ಬೀಗವನ್ನು ಅಂಗಡಿಯ ಕಿಟಕಿಯಲ್ಲಿಟ್ಟು, ಕೀಲಿಯಿಲ್ಲದೆ ತೆರೆದವರಿಗೆ 200 ಗಿನಿ ಬಹುಮಾನವೆಂದು ಸಾರಿದ್ದರು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆ ಬಹುಮಾನ ಯಾರಿಗೂ ದಕ್ಕಲಿಲ್ಲ. 1851ರಲ್ಲಿ ಲಂಡನ್ನಿನ ಮಹಾ ವಸ್ತುಪ್ರದರ್ಶನಕ್ಕೆ ಬಂದ ಅಮೆರಿಕದ ಬೀಗ ತಜ್ಞ ಆಲ್ಫ್ರೆಡ್ ಹಾಬ್ಸ್ ಮೊದಲು ಚಬ್ ಕಂಪನಿಯ ಹೆಸರಾಂತ ಬೀಗವನ್ನು ಕೇವಲ 25 ನಿಮಿಷಗಳಲ್ಲಿ ತೆರೆದ. ಆಮೇಲೆ ಬ್ರಾಮಾ ಬೀಗಕ್ಕೆ ಕೈಹಾಕಿದ. ಅದಕ್ಕೆ 16 ದಿನಗಳಲ್ಲಿ ಹರಡಿದ ಒಟ್ಟು 51 ಗಂಟೆಗಳ ಕೆಲಸ ಬೇಕಾಯಿತು. ಎರಡೂ ಬೀಗಗಳು ತೆರೆದವು, ನಿಜ. ಆದರೆ ಕಳ್ಳನಿಗೆ 25 ನಿಮಿಷ ಸಿಕ್ಕೀತು, 51 ಗಂಟೆ ಸಿಕ್ಕುವುದಿಲ್ಲ. ಹೀಗಾಗಿ ನಾವು ಕೇಳಬೇಕಾದದ್ದು 'ತೆರೆಯಬಹುದೆ' ಎಂದಲ್ಲ, 'ಎಷ್ಟು ಹೊತ್ತು ಹಿಡಿಯುತ್ತದೆ' ಎಂದು. ಇಂದು ಅಮೆರಿಕದ ತಿಜೋರಿಗಳ ಮೇಲೆ 15, 30 ಎಂದು ನಮೂದಿಸುವುದೂ ಇದೇ ಅರ್ಥದಲ್ಲಿ: ಪರಿಣತರು ಉಪಕರಣ ಹಿಡಿದು ದುಡಿದರೂ ಬಾಗಿಲು ಅಷ್ಟು ನಿಮಿಷ ತಡೆದಿದೆ ಎಂದು.

ಕೀಲಿಯ ರಂಧ್ರವಿದ್ದರೆ ತಾನೆ ತಂತಿ ತೂರಿಸುವುದು? 1860ರ ದಶಕದಿಂದ ಅಮೆರಿಕದಲ್ಲಿ ಅಂಕಿ ಬೀಗಗಳು ಬಳಕೆಗೆ ಬಂದವು. ಡಯಲ್ಲಿನ ಹಿಂದೆ ಸಾಮಾನ್ಯವಾಗಿ ಮೂರು ಬಿಲ್ಲೆಗಳಿರುತ್ತವೆ. ಒಂದೊಂದರ ಅಂಚಿನಲ್ಲಿ ಒಂದೊಂದು ಕಚ್ಚು. ಸರಿಯಾದ ಅಂಕಿಗಳಿಗೆ ತಿರುಗಿಸಿದರೆ ಮೂರು ಕಚ್ಚುಗಳೂ ಒಂದೇ ಸಾಲಿಗೆ ಬರುತ್ತವೆ. ಆಗ ಒಂದು ಸಣ್ಣ ಕಡ್ಡಿ ಅವುಗಳೊಳಗೆ ಇಳಿದು ಅಗುಳಿಗೆ ಬಿಡುಗಡೆ ಸಿಗುತ್ತದೆ.

ಈಗ ನೋಟ್‌ಬುಕ್ ತೆಗೆದುಕೊಳ್ಳಿ. ಡಯಲ್ಲಿನಲ್ಲಿ 100 ಗೆರೆ, ಬಿಲ್ಲೆ ಮೂರು. 100 × 100 × 100, ಅಂದರೆ 10 ಲಕ್ಷ ಜೋಡಣೆಗಳು. ಒಂದಕ್ಕೆ 15 ಸೆಕೆಂಡಿನಂತೆ ಹಗಲಿರುಳು ತಿರುಗಿಸಿದರೆ 173 ದಿನ ಬೇಕು. ರೈಟರ ಧೈರ್ಯಕ್ಕೆ ಇದೇ ಆಧಾರ.

ಈ ಲೆಕ್ಕದ ಬಿರುಕನ್ನು ಕಂಡವರಲ್ಲಿ ಒಬ್ಬರು ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಲಾಸ್ ಅಲಮೋಸ್‌ನಲ್ಲಿ ಅಣುಬಾಂಬಿನ ಕೆಲಸದಲ್ಲಿದ್ದ ಅವರು, ಅಲ್ಲಿಯ ರಹಸ್ಯ ಕಾಗದಗಳಿದ್ದ ಕಪಾಟುಗಳ ಬೀಗವನ್ನು ಪರೀಕ್ಷಿಸಿದರು. ಯಾವ ಯಂತ್ರಭಾಗವೂ ಗೆರೆ ಹೊಡೆದಷ್ಟು ಕರಾರುವಾಕ್ಕಾಗಿ ಇರುವುದಿಲ್ಲವಷ್ಟೆ. ಅಂಕಿ 69 ಆಗಿದ್ದರೆ 67ರಿಂದ 71ರವರೆಗೆ ಯಾವುದಕ್ಕಾದರೂ ಬೀಗ ಒಪ್ಪಿಕೊಳ್ಳುತ್ತಿತ್ತು! ಐದೈದು ಗೆರೆಗೆ ಒಂದನ್ನು ಪ್ರಯತ್ನಿಸಿದರೆ ಸಾಕು. 100 ಹೋಗಿ 20 ಆಯಿತು. 10 ಲಕ್ಷ ಹೋಗಿ 8,000. ನಮ್ಮ 15 ಸೆಕೆಂಡಿನ ಲೆಕ್ಕದಲ್ಲಿ 173 ದಿನದ ಜಾಗದಲ್ಲಿ 33 ಗಂಟೆ. ಕಪಾಟು ತೆರೆದಿದ್ದಾಗ ಮಾತನಾಡುತ್ತ ಡಯಲ್ ಮೇಲೆ ಕೈಯಾಡಿಸಿ ಕೊನೆಯ ಎರಡು ಅಂಕಿಗಳನ್ನು ತಿಳಿಯುವ ಉಪಾಯವನ್ನೂ ಅವರು ಕಂಡುಕೊಂಡರು. ಆಮೇಲೆ ಉಳಿಯುವುದು 20 ಪ್ರಯತ್ನ ಮಾತ್ರ.

ಇದಕ್ಕಿಂತ ದೊಡ್ಡ ಬಿರುಕು ಮನುಷ್ಯನದು. ಕಾರ್ಖಾನೆಯಿಂದ ಬರುವಾಗ ಇದ್ದ ಅಂಕಿಗಳನ್ನೇ ಬದಲಿಸದೆ ಬಿಟ್ಟವರು ಎಷ್ಟೋ ಜನ. ಫೈನ್‌ಮನ್ ಅವನ್ನು ತಿರುಗಿಸಿ ನೋಡಿದಾಗ ಐದರಲ್ಲೊಂದು ಕಪಾಟು ತೆರೆಯಿತು. ಸಹೋದ್ಯೋಗಿಯೊಬ್ಬರು ಗಣಿತದ ಸ್ಥಿರಾಂಕ 'ಇ', ಅಂದರೆ 2.71828 ಅನ್ನು 27-18-28 ಎಂದು ಬಳಸಿದ್ದರು. ಬುದ್ಧಿವಂತರು ಆರಿಸುವ ಅಂಕಿಯನ್ನು ಮತ್ತೊಬ್ಬ ಬುದ್ಧಿವಂತ ಊಹಿಸಬಲ್ಲ. ಹುಟ್ಟಿದ ತಾರೀಕಾದರೆ ಇನ್ನೂ ಸುಲಭ. ಐದಕ್ಕೊಂದರಂತೆ ದಿನಕ್ಕೆ 7, ತಿಂಗಳಿಗೆ 3, ಐವತ್ತು ವರ್ಷಗಳಿಗೆ 10. ಗುಣಿಸಿದರೆ 210. ಒಂದು ಗಂಟೆಯೂ ಬೇಡ.

ನಮ್ಮ ದೇಶದಲ್ಲಿ ಅರ್ದೇಶಿರ್ ಗೋದ್ರೇಜ್ 1897ರಲ್ಲಿ ಮುಂಬಯಿಯಲ್ಲಿ ಬೀಗದ ಉದ್ಯಮ ಆರಂಭಿಸಿ, 1902ರ ಹೊತ್ತಿಗೆ ತಿಜೋರಿ ತಯಾರಿಸಿದರು. ಇಲ್ಲಿ ಒಂದು ವಿಷಯ ನೆನಪಿಡಿ. ಬೆಂಕಿಯಿಂದ ಕಾಗದವನ್ನು ಕಾಪಾಡುವ ತಿಜೋರಿ ಕಳ್ಳನನ್ನೂ ಅಷ್ಟೇ ಚೆನ್ನಾಗಿ ತಡೆಯಬೇಕೆಂದಿಲ್ಲ. ಎರಡೂ ಬೇರೆ ಬೇರೆ ಗುಣಗಳು.

ನಮ್ಮ ರಾಜ್ಯದ ಎರಡು ಪ್ರಕರಣಗಳನ್ನು ನೋಡಿ. ದಾವಣಗೆರೆ ಜಿಲ್ಲೆಯ ನ್ಯಾಮತಿಯಲ್ಲಿ 2024ರ ಅಕ್ಟೋಬರ್‌ನಲ್ಲಿ ಸ್ಟೇಟ್ ಬ್ಯಾಂಕ್ ಶಾಖೆಗೆ ನುಗ್ಗಿದವರು ಅಂಕಿಯ ಗೊಡವೆಗೇ ಹೋಗಲಿಲ್ಲ. ಕಿಟಕಿಯ ಸರಳು ತೆಗೆದು ಒಳಬಂದು, ಗ್ಯಾಸ್ ಕಟರ್‌ನಿಂದ ಉಕ್ಕನ್ನೇ ಕತ್ತರಿಸಿ, ಜನ ಅಡವಿಟ್ಟಿದ್ದ 17 ಕೆ.ಜಿ.ಗೂ ಹೆಚ್ಚು ಚಿನ್ನವನ್ನು ಒಯ್ದರು. ಮುಂದಿನ ವರ್ಷ ಪೊಲೀಸರು ಅದರಲ್ಲಿ ಬಹುಪಾಲನ್ನು ತಮಿಳುನಾಡಿನ ಬಾವಿಯೊಂದರಿಂದ ಮೇಲೆತ್ತಿದರು. ವಿಜಯಪುರ ಜಿಲ್ಲೆಯ ಮನಗೂಳಿಯಲ್ಲಿ 2025ರ ಮೇ ತಿಂಗಳಿನಲ್ಲಿ ಕೆನರಾ ಬ್ಯಾಂಕ್ ಶಾಖೆಯಿಂದ ಸುಮಾರು 59 ಕೆ.ಜಿ. ಚಿನ್ನ ಹೋಯಿತು. ಅಲ್ಲಿ ಕಟರ್ ಕೂಡ ಬೇಕಾಗಲಿಲ್ಲ. ನಕಲಿ ಕೀಲಿಗಳು ಬಳಕೆಯಾಗಿದ್ದವೆಂದು ಹೇಳಿದ ಪೊಲೀಸರು, ಅದೇ ಶಾಖೆಯಲ್ಲಿ ಹಿಂದೆ ಮ್ಯಾನೇಜರ್ ಆಗಿದ್ದವರನ್ನು ಬಂಧಿಸಿದರು. ಬ್ಯಾಂಕುಗಳಲ್ಲಿ ಒಂದು ತಿಜೋರಿಗೆ ಎರಡು ಕೀಲಿ ಮಾಡಿ ಇಬ್ಬರು ಅಧಿಕಾರಿಗಳ ಕೈಗೆ ಕೊಡುವ ಪದ್ಧತಿ ಇರುವುದು ಇಂಥ ಭಯದಿಂದಲೇ.

ಮಲ್ಲಂದೂರಿಗೆ ಮರಳೋಣ. ಚಿತ್ರೀಕರಣಕ್ಕಾಗಿ ರೈಟರ ಮೇಜನ್ನು ಪಕ್ಕಕ್ಕೆ ಸರಿಸುವಾಗ ಡ್ರಾಯರ್ ಜಾರಿ ಹೊರಗೆ ಬಂತು. ಅದರ ಒಳಬದಿಯಲ್ಲಿ ಪೆನ್ಸಿಲಿನಿಂದ ಮೂರು ಅಂಕಿಗಳು! ನಾನು ಏನೂ ಹೇಳಲಿಲ್ಲ. ಅವರೇ ನಾಚಿಕೊಂಡು ರಬ್ಬರಿನಿಂದ ಉಜ್ಜಿ ಅಳಿಸಿದರು.

"ಅಳಿಸಿಬಿಟ್ಟಿರಲ್ಲ, ನೆನಪಿರುತ್ತದೆಯೆ?" ಎಂದೆ.

"ಮರೆಯಕ್ಕಾಗುತ್ತಾ ಸಾರ್? ನನ್ನ ಮಗಳು ಹುಟ್ಟಿದ ತಾರೀಕು ಅದು" ಎಂದರು.